ಕಿಂಗ್ ಪಿನ್ನಿನ ಪಂಚಾಯ್ತಿ

ಈ ಅಂಕಣ ಶುರುವಾದ ಮೇಲೆ ನನಗೆ ಬರುವ ಫೋನುಗಳಲ್ಲಿ ಅರ್ಧ ಗಾಡಿಯ ಬಗ್ಗೆ ಇರುವುದೇ ಇಲ್ಲ, ಗಾಡಿಯ ಸುತ್ತ ಇರುವ ಮನುಷ್ಯರ ಬಗ್ಗೆ ಇರುತ್ತವೆ. ಹೋದ ತಿಂಗಳು ಒಂದೇ ದಿನ ಎರಡು ಫೋನ್ ಬಂದವು, ಎರಡೂ ಒಂದೇ ಪಿಕಪ್ ಬಗ್ಗೆ. ಮೊದಲನೆಯದು ಪುಣೆಯಲ್ಲಿ ಕೇಟರಿಂಗ್ ನಡೆಸುವ, ಕುಂದಾಪುರ ಕಡೆಯ ಮಾಲೀಕರದು. "ಮಾರಾಯ್ರೇ, ನಮ್ಮ ಡ್ರೈವರ್ ಎಂಥದೋ ಕಿಂಗ್ ಪಿನ್ ಹೋಗಿದೆ ಅಂತಾನೆ. ಮೊನ್ನೆಯಷ್ಟೇ ವೀಲ್ ಬ್ಯಾಲೆನ್ಸ್ ಮಾಡಿಸಿದ್ದೇನೆ. ಗ್ಯಾರೇಜಿನವನೂ ಇವನೂ ಒಂದಾಗಿದ್ದಾರಾ ಅಂತ ನನಗೆ ಡೌಟು. ನೀವು ಒಮ್ಮೆ ನೋಡ್ತೀರಾ?" ಎರಡನೆಯದು ಆ ಡ್ರೈವರನದೇ. ಇಂಡಿ ತಾಲ್ಲೂಕಿನ ಹುಡುಗ. "ಸರ, ಐವತ್ತರ ಮ್ಯಾಲೆ ಹೋಗಿ ಒಂದ್ ತಗ್ಗಿನ್ಯಾಗ ಬಿದ್ರ ಸಾಕ್ರಿ, ಸ್ಟೇರಿಂಗ್ ಕೈಯಾಗ ನಿಲ್ಲೂದಿಲ್ಲ. ಕಾತ್ರಜ್ ಬೋಗದಾ ದಾಟಿ ಇಳಿಜಾರ ಇಳಿಯುವಾಗ ಜೀವಾ ಕೈಯಾಗ ಹಿಡಕೊಂಡ ಇಳಿತೀನ್ರಿ. ಶೇಠ್ ಅವ್ರಿಗೆ ಹೇಳಿದ್ರ ನಂಬೂದಿಲ್ರಿ."

ಪುಣೆಯ ಓದುಗರಿಗೆ ಆ ಇಳಿಜಾರು ಯಾವುದು ಅಂತ ಹೇಳಬೇಕಾಗಿಲ್ಲ. ಮುಂಬೈ-ಬೆಂಗಳೂರು ಹೆದ್ದಾರಿಯಲ್ಲಿ ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರು, ಅಪಘಾತಗಳಿಗೇ ಹೆಸರಾದ ಜಾಗ. ಅಲ್ಲಿ ತುಂಬಿದ ಪಿಕಪ್ಪಿನ ಸ್ಟೇರಿಂಗ್ ನಡುಗಿದರೆ ಅದು ಹುಡುಗಾಟದ ಮಾತಲ್ಲ. ಹಾಗಂತ ಮಾಲೀಕರ ಅನುಮಾನವನ್ನೂ ನಾನು ತಳ್ಳಿಹಾಕುವುದಿಲ್ಲ. ಡ್ರೈವರನಿಗೆ ಕಮಿಷನ್ ಕೊಡುವ ಗ್ಯಾರೇಜುಗಳು ಎಲ್ಲ ಊರಲ್ಲೂ ಇವೆ. ಹೋಗದ ಪಾರ್ಟನ್ನು 'ಹೋಯಿತು' ಎನ್ನುವವರೂ ಇದ್ದಾರೆ. ಆದರೆ ಕಿಂಗ್ ಪಿನ್ ಸವೆದಿದೆಯೋ ಇಲ್ಲವೋ ಎಂಬುದು ನಂಬಿಕೆಯ ಪ್ರಶ್ನೆಯೇ ಅಲ್ಲ. ಒಂದು ಜಾಕ್ ಮತ್ತು ಎರಡು ಕೈ ಇದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಜಾಕ್ ಹಾಕುವ ಹೊತ್ತಿಗೆ ಮಾಲೀಕರೂ ಗಾಡಿಯ ಹತ್ತಿರ ಇರಬೇಕು ಅಂತ ಮಾತ್ರ ಕೇಳಿಕೊಂಡೆ. ಅವರ ಅಡುಗೆಮನೆಯ ಹಿಂದಿನ ಅಂಗಳದಲ್ಲೇ ಭೇಟಿ ಅಂತ ಆಯಿತು.

ಮೊದಲು ಈ ಪಿನ್ ಅಂದರೇನು ಎಂಬುದು. ಕಾರುಗಳಲ್ಲೂ ಇಸುಜು ಡಿ-ಮ್ಯಾಕ್ಸ್‌ನಂಥ ಪಿಕಪ್ಪುಗಳಲ್ಲೂ ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಮೇಲೆ ಕೆಳಗೆ ಆಡುತ್ತವೆ. ಅವುಗಳಲ್ಲಿ ಇರುವುದು ಬಾಲ್ ಜಾಯಿಂಟ್. ಟಾಟಾ ಏಸ್‌ನಂಥ ಸರಕಿನ ಗಾಡಿಗಳಲ್ಲಿ ಮುಂದೆಯೂ ಪಾಟಾ, ಅಂದರೆ ಲೀಫ್ ಸ್ಪ್ರಿಂಗು, ಅದರ ಕೆಳಗೆ ಈ ಕಡೆಯಿಂದ ಆ ಕಡೆಗೆ ಒಂದೇ ಗಟ್ಟಿ ಕಬ್ಬಿಣದ ಆಕ್ಸಲ್. ಲಾರಿಗಳದೂ ಇದೇ ಏರ್ಪಾಡು. ಆ ಆಕ್ಸಲ್ಲಿನ ಎರಡು ತುದಿಗಳಲ್ಲಿ ಒಂದೊಂದು ತೂತು. ಚಕ್ರವನ್ನು ಹೊತ್ತಿರುವ ಸ್ಟಬ್ ಆಕ್ಸಲ್ ಕವೆಯ ಆಕಾರದಲ್ಲಿದ್ದು ಆ ತುದಿಯನ್ನು ಮೇಲಿಂದ ಕೆಳಗಿಂದ ಹಿಡಿದುಕೊಳ್ಳುತ್ತದೆ. ಮೂರನ್ನೂ ಪೋಣಿಸಿದಂತೆ ಮೇಲಿನಿಂದ ಕೆಳಕ್ಕೆ ಇಳಿಯುವ ಹೆಬ್ಬೆರಳು ಗಾತ್ರದ ಉಕ್ಕಿನ ಗೂಟವೇ ಕಿಂಗ್ ಪಿನ್. ಊರ ಬಂಡಿಯ ಕಡಾಣಿಯನ್ನು ನೆನಪಿಸಿಕೊಳ್ಳಬೇಡಿ. ಕಡಾಣಿ ಚಕ್ರ ಕಳಚದಂತೆ ತಡೆಯುತ್ತದೆ ಅಷ್ಟೆ. ಇದು ಬಾಗಿಲಿನ ತಿರುಗಣಿಯ ಹಾಗೆ. ನೀವು ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಚಕ್ರ ಈ ಪಿನ್ನಿನ ಸುತ್ತಲೇ ಆಚೆ ಈಚೆ ಹೊರಳುತ್ತದೆ.

ಪಿನ್ ಆಕ್ಸಲ್ಲಿನಲ್ಲಿ ಅಲುಗದಂತೆ ಒಂದು ಅಡ್ಡ ಲಾಕ್ ಪಿನ್ ಅದನ್ನು ಬಿಗಿಹಿಡಿದಿರುತ್ತದೆ. ತಿರುಗುವುದು ಸ್ಟಬ್ ಆಕ್ಸಲ್. ಅದರ ಮೇಲಿನ ತೋಳಿಗೊಂದು, ಕೆಳಗಿನ ತೋಳಿಗೊಂದು ಬುಷ್. ಆಕ್ಸಲ್ಲಿನ ಕೆಳಗೆ ಒಂದು ಥ್ರಸ್ಟ್ ಬೇರಿಂಗ್, ಆ ಬದಿಯ ಭಾರವೆಲ್ಲ ಅದರ ಮೇಲೆ. ಇವು ಬದುಕಿರುವುದು ಗ್ರೀಸಿನಿಂದ. ಗ್ರೀಸ್ ನಿಂತರೆ ಬುಷ್ ಸವೆಯುತ್ತದೆ, ಪಿನ್ ಸವೆಯುತ್ತದೆ, ಚಕ್ರ ತಲೆ ಆಡಿಸತೊಡಗುತ್ತದೆ.

ಅಂಗಳದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಡಗಡೆ ಆಕ್ಸಲ್ ಕೆಳಗೆ ಜಾಕ್ ಇಟ್ಟು ಚಕ್ರವನ್ನು ನೆಲದಿಂದ ಎರಡು ಬೆರಳಷ್ಟು ಎತ್ತಿಸಿದೆ. ಮಾಲೀಕರಿಗೆ ಹೇಳಿದೆ, ಟೈರಿನ ನೆತ್ತಿಯ ಮೇಲೆ ಒಂದು ಕೈ, ಬುಡದಲ್ಲಿ ಒಂದು ಕೈ ಇಡಿ. ಗಡಿಯಾರದ ಹನ್ನೆರಡು ಮತ್ತು ಆರರ ಜಾಗ. ಈಗ ಮೇಲಿನದನ್ನು ಒಳಕ್ಕೆ ನೂಕಿ ಕೆಳಗಿನದನ್ನು ಹೊರಕ್ಕೆ ಎಳೆಯಿರಿ, ಮತ್ತೆ ತಿರುಗಾಮುರುಗಾ ಮಾಡಿ. ಕಟ್ ಕಟ್ ಅಂತ ಸದ್ದು ಬಂತು. ಟೈರು ಆಡುತ್ತಿರುವುದು ಕಣ್ಣಿಗೂ ಕಾಣುತ್ತಿತ್ತು.

"ಇದು ಬೇರಿಂಗ್ ಇರಬಹುದಲ್ವಾ?" ಅಂದರು ಅವರು. ಒಳ್ಳೆಯ ಪ್ರಶ್ನೆ. ವೀಲ್ ಬೇರಿಂಗ್ ಸಡಿಲವಾದರೂ ಹೀಗೆಯೇ ಆಡುತ್ತದೆ. ವ್ಯತ್ಯಾಸ ಕಂಡುಹಿಡಿಯಲು ಗ್ಯಾರೇಜಿನವರ ಹಳೆಯ ಉಪಾಯವೊಂದಿದೆ. ಹುಡುಗನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿದೆ. ಬ್ರೇಕ್ ಒತ್ತಿದಾಗ ಚಕ್ರವೂ ಸ್ಟಬ್ ಆಕ್ಸಲ್ಲೂ ಒಂದೇ ತುಂಡಾದಂತೆ ಕಚ್ಚಿಕೊಳ್ಳುತ್ತವೆ. ಆಗ ಆಟ ನಿಂತರೆ ದೋಷ ಬೇರಿಂಗಿನದು. ಬ್ರೇಕ್ ಒತ್ತಿದರೂ ಆಡುತ್ತಿದ್ದರೆ ಅದರಿಂದಾಚೆಗಿನದು, ಅಂದರೆ ಕಿಂಗ್ ಪಿನ್ ಅಥವಾ ಅದರ ಬುಷ್. ಮಾಲೀಕರು ಮತ್ತೆ ಅಲುಗಿಸಿದರು. ಕಟ್ ಕಟ್. ಬಗ್ಗಿ ನೋಡಿದರೆ ಸ್ಟಬ್ ಆಕ್ಸಲ್ಲಿನ ಕೆಳ ತೋಳು ಪಿನ್ನಿನ ಸುತ್ತ ಅಲುಗುವುದು ಬರಿಗಣ್ಣಿಗೇ ಕಾಣುತ್ತಿತ್ತು. ಅವರು ಕೈ ಒರೆಸಿಕೊಳ್ಳುತ್ತಾ ಹುಡುಗನ ಕಡೆ ನೋಡಿ "ಹೌದಾ ಮಾರಾಯ" ಅಂದರು. ಪಂಚಾಯ್ತಿಯ ಮೊದಲ ಭಾಗ ಅಲ್ಲಿಗೆ ಮುಗಿಯಿತು.

ಅದೇ ಸ್ಥಿತಿಯಲ್ಲಿ ಟೈರಿನ ಎಡ ಬಲ ಹಿಡಿದು, ಅಂದರೆ ಒಂಬತ್ತು ಮತ್ತು ಮೂರರ ಜಾಗದಲ್ಲಿ, ಅಲುಗಿಸಿದಾಗ ಇನ್ನೂ ಒಂದು ಸಣ್ಣ ಆಟ ಸಿಕ್ಕಿತು. ಅದು ಟೈ ರಾಡ್ ಎಂಡ್. ಎರಡು ಚಕ್ರಗಳನ್ನು ಜೋಡಿಸುವ ಸರಳಿನ ತುದಿಯಲ್ಲಿರುವ ಗುಂಡು ಕೀಲು. ಅದರ ರಬ್ಬರ್ ಟೋಪಿ ಹರಿದು ಒಳಗೆ ಮಣ್ಣು ಸೇರಿತ್ತು. ನನ್ನನ್ನು ಕೇಳಿದರೆ ಎರಡರಲ್ಲಿ ಹೆಚ್ಚು ಹೆದರಬೇಕಾದದ್ದು ಇದಕ್ಕೇ. ಕಿಂಗ್ ಪಿನ್ ಸಾಮಾನ್ಯವಾಗಿ ತಿಂಗಳುಗಟ್ಟಲೆ ನಡುಗಿಸಿ, ಟೈರು ತಿಂದು, ಎಚ್ಚರಿಕೆ ಕೊಟ್ಟೇ ಸಾಯುತ್ತದೆ. ಟೈ ರಾಡಿನ ಗುಂಡು ಪೂರ್ತಿ ಸವೆದು ಒಮ್ಮೆ ಕಪ್ಪಿನಿಂದ ಹೊರಬಿದ್ದರೆ ಒಂದು ಚಕ್ರ ಆಲಂದಿಗೆ, ಇನ್ನೊಂದು ದೇಹೂವಿಗೆ.

ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗದ ಬಗ್ಗೆ ಮಾಲೀಕರಿಗೆ ಸಿಟ್ಟಿತ್ತು. ಟೈರ್ ಅಂಗಡಿಯವನದೇನೂ ತಪ್ಪಿಲ್ಲ, ಅವನು ಕೇಳಿದ್ದನ್ನು ಮಾಡಿದ್ದಾನೆ. ಬ್ಯಾಲೆನ್ಸ್ ತಪ್ಪಿದ ಚಕ್ರ ನುಣುಪು ರಸ್ತೆಯಲ್ಲೂ ಒಂದು ವೇಗಕ್ಕೆ ಬಂದಾಗ ನಡುಗುತ್ತದೆ, ಆ ವೇಗ ದಾಟಿದರೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಸವೆದ ಕೀಲಿನ ನಡುಕ ಶುರುವಾಗುವುದು ಗುಂಡಿಗೋ ಸೇತುವೆಯ ಜೋಡಣೆಗೋ ಬಡಿದಾಗ. ಶುರುವಾದ ಮೇಲೆ ವೇಗ ಇಳಿಸುವವರೆಗೂ ಬಿಡುವುದಿಲ್ಲ. ಹುಡುಗ ಫೋನಿನಲ್ಲಿ 'ತಗ್ಗಿನ್ಯಾಗ ಬಿದ್ರ' ಅಂದದ್ದರಲ್ಲೇ ಉತ್ತರ ಇತ್ತು.

ಸಾಮಾನು ತರಲು ನಾನಾ ಪೇಠೆಗೆ ಮೂವರೂ ಒಟ್ಟಿಗೇ ಹೋದೆವು. ಮುಂಬೈಯವರಿಗೆ ಒಪೇರಾ ಹೌಸ್ ಇದ್ದಂತೆ, ದೆಹಲಿಯವರಿಗೆ ಕಾಶ್ಮೀರಿ ಗೇಟ್, ಚೆನ್ನೈಯವರಿಗೆ ಜಿ.ಪಿ. ರಸ್ತೆ, ನಮ್ಮ ಬೆಂಗಳೂರಿಗೆ ಜೆ.ಸಿ. ರಸ್ತೆ ಇದ್ದಂತೆ, ಪುಣೆಯ ಬಿಡಿಭಾಗಗಳ ಪೇಟೆ ಅದು. ಕಿಂಗ್ ಪಿನ್ ಬಿಡಿಯಾಗಿ ತರುವುದಲ್ಲ, ಕಿಟ್ ಅಂತಲೇ ಸಿಗುತ್ತದೆ. ಎರಡು ಪಿನ್ನು, ನಾಲ್ಕು ಬುಷ್ಷು, ಎರಡು ಥ್ರಸ್ಟ್ ಬೇರಿಂಗು, ಲಾಕ್ ಪಿನ್ನು, ಶಿಮ್ಮು, ಮುಚ್ಚಳ, ಗ್ರೀಸ್ ನಿಪ್ಪಲ್ಲು. "ಎಡಗಡೆಯದು ಮಾತ್ರ ಹಾಕಿದರೆ ಸಾಲದಾ?" ಅಂತ ಮಾಲೀಕರು ಕೇಳಿದರು. ಬಲಗಡೆಯದರಲ್ಲಿ ಆಟ ಕಡಿಮೆ ಇತ್ತು, ನಿಜ. ಆದರೆ ಅದೂ ಅಷ್ಟೇ ಕಿಲೋಮೀಟರ್ ಓಡಿದ್ದು, ಅಷ್ಟೇ ಗ್ರೀಸ್ ಕಂಡದ್ದು. ಎಡಗಡೆಯ ಚಕ್ರ ರಸ್ತೆಯಂಚಿನ ಗುಂಡಿಗಳಲ್ಲಿ ಹೆಚ್ಚು ಇಳಿಯುವುದರಿಂದ ಒಂದಿಷ್ಟು ಮೊದಲು ಸವೆದಿದೆ ಅಷ್ಟೆ. ಕಿಟ್ಟಿನಲ್ಲಿ ಎರಡು ಬದಿಯದೂ ಬರುವಾಗ ಅರ್ಧ ಕಿಟ್ಟನ್ನು ಅಟ್ಟಕ್ಕೆ ಹಾಕಿ ಕೂಲಿಯನ್ನು ಎರಡು ಸಲ ಕೊಡುವುದರಲ್ಲಿ ಅರ್ಥವಿಲ್ಲ.

ನಕಲಿ ಮಾಲಿನ ಬಗ್ಗೆ ಒಂದು ಮಾತು. ಡಬ್ಬಿಯ ಮೇಲಿನ ಅಕ್ಷರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಮಿಸ್ತ್ರಿ ಪಿನ್ನನ್ನು ಕೈಗೆ ತೆಗೆದುಕೊಂಡವರೇ ತುದಿಯ ಮುಖದ ಮೇಲೆ ಕಾನಸ ಎಳೆದು ನೋಡಿದರು. ಹದ ಕೊಟ್ಟ ಉಕ್ಕಿನ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ, ಮೆತ್ತಗಿನ ಕಬ್ಬಿಣಕ್ಕೆ ಕಚ್ಚುತ್ತದೆ. ಇದು ಜಾರಿತು. ಬುಷ್ಷಿನ ಮೇಲೆ ಓಡಾಡುವ ನುಣುಪು ಭಾಗಕ್ಕೆ ಮಾತ್ರ ಅರ ತಾಗಿಸಬಾರದು.

ಕೆಲಸ ಹೀಗೆ ನಡೆಯಿತು. ಮುಂದಿನ ಎರಡೂ ಬದಿಯನ್ನು ಎತ್ತಿ, ಜಾಕ್ ನಂಬದೆ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಚಕ್ರ ಬಿಚ್ಚಿ, ಬ್ರೇಕಿನ ಭಾಗ ಕಳಚಿ, ಅದನ್ನು ಹೋಸಿನ ಮೇಲೆ ಜೋತುಬೀಳದಂತೆ ತಂತಿಯಿಂದ ಚಾಸಿಗೆ ಕಟ್ಟಿದರು. ಗಮನಿಸಿ, ಈ ತಂತಿ ಕಟ್ಟದ ಗ್ಯಾರೇಜಿಗೆ ನಾನು ಎರಡನೇ ಸಲ ಹೋಗುವುದಿಲ್ಲ. ಬ್ರೇಕ್ ಹೋಸ್ ಒಳಗೊಳಗೆ ಹರಿದದ್ದು ಹೊರಗೆ ಕಾಣುವುದಿಲ್ಲ. ಆಮೇಲೆ ಲಾಕ್ ಪಿನ್ನಿನ ನಟ್ ಬಿಚ್ಚಿ ಅದನ್ನು ಹೊರಗೆ ಹೊಡೆದರು. ಲಾಕ್ ತೆಗೆಯದೆ ಕಿಂಗ್ ಪಿನ್ನಿಗೆ ಸುತ್ತಿಗೆ ಬಿದ್ದರೆ ಪಿನ್ನೂ ಹೊರಬರುವುದಿಲ್ಲ, ಆಕ್ಸಲ್ಲಿನ ತೂತೂ ಕೆಡುತ್ತದೆ. ಬಲಗಡೆಯದು ನಾಲ್ಕು ಏಟಿಗೆ ಇಳಿಯಿತು. ಎಡಗಡೆಯದು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಡೀಸೆಲ್ ಹಾಕಿ ನೆನೆಸಿ, ಊಟ ಮುಗಿಸಿ ಬಂದು, ಹಿತ್ತಾಳೆಯ ಸರಳು ಕೊಟ್ಟು ದೊಡ್ಡ ಸುತ್ತಿಗೆಯಲ್ಲಿ ಒಂದು ಗಂಟೆ ಹೊಡೆಯಬೇಕಾಯಿತು.

ಹೊರಬಂದ ಪಿನ್ನಿನ ಕೆಳತುದಿಯಲ್ಲಿ ಉಗುರು ಎಳೆದರೆ ತಡೆಯುವಷ್ಟು ಮೆಟ್ಟಿಲು ಬಿದ್ದಿತ್ತು. ಕೆಳಗಿನ ಬುಷ್ಷಿನ ತೂತು ಮೊಟ್ಟೆಯಾಕಾರ. ಗ್ರೀಸ್ ಎಂಬುದರ ಹೆಸರಿಲ್ಲ, ಕೆಂಪು ಪುಡಿ ಉದುರಿತು. "ಕಿಂಗ್ ಪಿನ್ ಗೇಲಾ" ಅಂದರು ಮಿಸ್ತ್ರಿ, ಊರಿನ ಹಿರಿಯರ ಸಾವಿನ ಸುದ್ದಿ ಹೇಳುವ ಧಾಟಿಯಲ್ಲಿ. "ಪ್ರತಿ ಸಲಾನೂ ಗ್ರೀಸ್ ಹೊಡಸೀನ್ರಿ" ಅಂತ ಹುಡುಗ ಗಾಬರಿಯಾದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಕೆಳಗಿನ ನಿಪ್ಪಲ್ ಒಳಗೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಗನ್ ಇಟ್ಟು ಒತ್ತಿದಾಗ ಗ್ರೀಸ್ ಒಳಗೆ ಹೋಗದೆ ನಿಪ್ಪಲ್ಲಿನ ಸುತ್ತ ಉಬ್ಬಿ ಬಂದು, ನೋಡುವವರಿಗೆ ತುಂಬಿದಂತೆ ಕಂಡಿದೆ.

ಈ ಕೆಲಸದಲ್ಲಿ ಗ್ಯಾರೇಜಿನ ಹಣೆಬರಹ ಗೊತ್ತಾಗುವುದು ಹೊಸ ಬುಷ್ ಹಾಕಿದ ಮೇಲೆ. ಈ ಕಿಟ್ಟಿನ ಲೋಹದ ಬುಷ್ಷನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದಾಗ ಅದರ ಒಳಗಿನ ಅಳತೆ ಒಂದಿಷ್ಟು ಕುಗ್ಗುತ್ತದೆ. ಆಮೇಲೆ ರೀಮರ್ ಹಾಕಿ ಪಿನ್ನಿಗೆ ತಕ್ಕಂತೆ ಹದಮಾಡಬೇಕು, ಅದೂ ಮೇಲಿನ ಕೆಳಗಿನ ಎರಡು ಬುಷ್ಷುಗಳು ಒಂದೇ ನೇರಕ್ಕೆ ಬರುವಂತೆ ಉದ್ದನೆಯ ರೀಮರ್. ಬುಷ್ಷಿನ ಗ್ರೀಸ್ ತೂತು ನಿಪ್ಪಲ್ಲಿನ ತೂತಿಗೆ ಸರಿಯಾಗಿ ಕೂಡಬೇಕು; ತಪ್ಪಿದರೆ ಹೊಸ ಬುಷ್ ಮೊದಲ ದಿನದಿಂದಲೇ ಉಪವಾಸ. ಕೆಲವರು ಎಮರಿ ಕಾಗದ ಸುತ್ತಿದ ಕೋಲಿನಿಂದ ಒಳಗೆ ಉಜ್ಜಿ ಪಿನ್ ತೂರಿಸಿಬಿಡುತ್ತಾರೆ. ಬಿಗಿಯಾಗಿ ಉಳಿದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಸಡಿಲವಾದರೆ ಮತ್ತೆ ಹಳೇ ಕಥೆ. ನಮ್ಮ ಮಿಸ್ತ್ರಿ ಬಳಿ ರೀಮರ್ ಇರಲಿಲ್ಲ. ಅದನ್ನು ಮುಚ್ಚಿಡದೆ ಸ್ಟಬ್ ಆಕ್ಸಲ್ ಎರಡನ್ನೂ ಪಕ್ಕದ ಬೀದಿಯ ಲೇತಿನವರಿಗೆ ಕಳಿಸಿದರು. ವಾಪಸ್ ಬಂದಾಗ ಎಣ್ಣೆ ಸವರಿದ ಪಿನ್ ಹೆಬ್ಬೆರಳಿನಿಂದ ಒತ್ತಿದರೆ ಸರಾಗವಾಗಿ ಇಳಿಯುತ್ತಿತ್ತು, ಅಲುಗಿಸಿದರೆ ಅಲುಗುತ್ತಿರಲಿಲ್ಲ. ಅಷ್ಟೇ ಬೇಕಾದದ್ದು.

ಜೋಡಿಸುವುದು ಬೇಗ ಮುಗಿಯಿತು. ಥ್ರಸ್ಟ್ ಬೇರಿಂಗಿನ ಮುಚ್ಚಳದ ಬದಿ ಮೇಲಕ್ಕೆ, ಮೇಲುಗಡೆ ಸಂದು ತುಂಬಲು ಶಿಮ್, ಪಿನ್ನಿನ ಕಚ್ಚು ಲಾಕ್ ಪಿನ್ನಿಗೆ ಎದುರಾಗುವಂತೆ. ಟೈ ರಾಡ್ ಎಂಡುಗಳನ್ನು ಬಿಚ್ಚುವಾಗ ಹುಡುಗ ಹತ್ತಿರ ಕೂತು ನೋಡುತ್ತಿದ್ದ. ಸ್ಪ್ಲಿಟ್ ಪಿನ್ ತೆಗೆದು, ನಟ್ ಸಡಿಲಿಸಿ, ಬೋಲ್ಟಿನ ತಲೆಗೆ ಹೊಡೆಯದೆ ತೋಳಿನ ಪಕ್ಕಕ್ಕೆ ಜೋರಾಗಿ ಒಂದು ಏಟು ಕೊಟ್ಟರೆ ಒಳಗಿನ ಟೇಪರ್ ಟಕ್ಕಂತ ಬಿಡುತ್ತದೆ. ಒಂದು ಬದಿಯ ಮರೆ ಬಲಕ್ಕೆ, ಇನ್ನೊಂದು ಬದಿಯದು ಎಡಕ್ಕೆ. ಗೊತ್ತಿಲ್ಲದವರು ಎಡಮರೆಯ ಬದಿಯಲ್ಲಿ ಪಾನಾಕ್ಕೆ ಜೋತುಬಿದ್ದು ಬೈದುಕೊಳ್ಳುತ್ತಿರುತ್ತಾರೆ. ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಿಕೊಂಡು ಹೊಸದನ್ನು ಅಷ್ಟೇ ಸುತ್ತು ಹಾಕಬೇಕು. ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ಎರಡು ರೂಪಾಯಿಯ ವಸ್ತುವನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವವರ ಲೆಕ್ಕಾಚಾರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಎಣಿಸಿ ಹಾಕಿದರೂ ಅಲೈನ್‌ಮೆಂಟ್ ತಪ್ಪಿಸುವಂತಿಲ್ಲ. ಗಟ್ಟಿ ಆಕ್ಸಲ್ಲಿನ ಗಾಡಿಯಲ್ಲಿ ಹೊಂದಿಸಲು ಸಾಮಾನ್ಯವಾಗಿ ಇರುವುದು ಟೋ ಒಂದೇ, ಅಂದರೆ ಎರಡು ಟೈರುಗಳ ಮುಂಭಾಗದ ಅಂತರಕ್ಕೂ ಹಿಂಭಾಗದ ಅಂತರಕ್ಕೂ ಇರುವ ವ್ಯತ್ಯಾಸ. ಅದು ತಪ್ಪಿದ್ದರೆ ಟೈರಿನ ಮೇಲೆ ಅಂಗೈ ಅಡ್ಡಲಾಗಿ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲು.

ಬಿಲ್ಲು: ಕಿಟ್ 2,400, ಟೈ ರಾಡ್ ಎಂಡ್ ಜೋಡಿ 1,300, ಗ್ಯಾರೇಜ್ ಕೂಲಿ 2,500, ಲೇತ್ 400, ಅಲೈನ್‌ಮೆಂಟ್ 450. ಒಟ್ಟು 7,050 ರೂಪಾಯಿ. ಗಾಡಿ ಎರಡು ದಿನ ನಿಂತಿತು. ಮಾಲೀಕರು ದುಡ್ಡನ್ನು ತಾವೇ ನೇರವಾಗಿ ಗ್ಯಾರೇಜಿಗೆ ಕೊಟ್ಟರು, ಹಳೆಯ ಪಾರ್ಟುಗಳನ್ನು ಚೀಲದಲ್ಲಿ ಹಾಕಿಸಿಕೊಂಡರು. ಗಾಡಿ ಇಟ್ಟಿರುವ ಓದುಗರೆಲ್ಲ ಹೀಗೆ ಮಾಡಿ ಎಂದು ಹೇಳುತ್ತೇನೆ. ಕಮಿಷನ್ನಿನ ಅನುಮಾನಕ್ಕೆ ಅದೇ ಮದ್ದು, ಡ್ರೈವರನ ಮೇಲೆ ಕಣ್ಣಿಡುವುದಲ್ಲ.

ಆಮೇಲೆ ಪಂಚಾಯ್ತಿಯ ಎರಡನೇ ಭಾಗ ಬಂತು. "ಗ್ರೀಸ್ ನೋಡಿಕೊಳ್ಳಬೇಕಾದ್ದು ಅವನು, ಸ್ವಲ್ಪ ಅವನ ಸಂಬಳದಲ್ಲಿ ಹಿಡಿಯಬಹುದಾ?" ನಾನು ಎರಡು ವಿಷಯ ಹೇಳಿದೆ. ಒಂದು, ಸಾಗರದಂಥ ಪಾತ್ರೆ, ಗ್ಯಾಸ್ ಒಲೆ, ಅಕ್ಕಿ ಮೂಟೆ, ಮೇಲೆ ನಾಲ್ಕು ಜನ ಅಂತ ಹೇರಿಸುವವರು ಯಾರು? ಅತಿಭಾರಕ್ಕೆ 2019ರ ತಿದ್ದುಪಡಿಯ ಮೇಲೆ ದಂಡ 20,000 ರೂಪಾಯಿ, ಹೆಚ್ಚುವರಿ ಒಂದೊಂದು ಟನ್ನಿಗೆ ಇನ್ನೂ 2,000. ಅದು ಪೊಲೀಸರಿಗೆ ಕೊಡುವ ಲೆಕ್ಕ. ಥ್ರಸ್ಟ್ ಬೇರಿಂಗ್ ಬೇರೆಯೇ ಲೆಕ್ಕ ಇಡುತ್ತದೆ. ಎರಡು, ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಅಪಾಯಕಾರಿ ದೋಷವಿರುವ ಗಾಡಿಯನ್ನು ಓಡಿಸುವವನನ್ನು ಮಾತ್ರ ಹಿಡಿಯುವುದಿಲ್ಲ, ಓಡಿಸಲು ಬಿಡುವವರನ್ನೂ ಹಿಡಿಯುತ್ತದೆ. ದೋಷ ಗೊತ್ತಿದ್ದರೂ ಸರಿ, ಸಾಮಾನ್ಯ ಎಚ್ಚರದಿಂದ ಗೊತ್ತಾಗಬಹುದಾಗಿದ್ದರೂ ಸರಿ. ಅದರಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಡ್ರೈವರ್ ಬಾಯಿಬಿಟ್ಟು ಹೇಳಿದ ಮೇಲೆ 'ನನಗೆ ಗೊತ್ತಿರಲಿಲ್ಲ' ಎನ್ನಲು ಮಾಲೀಕರಿಗೆ ದಾರಿ ಇರುವುದಿಲ್ಲ.

ಸಂಬಳ ಹಿಡಿಯುವ ಮಾತು ಅಲ್ಲಿಗೆ ನಿಂತಿತು. ಗಾಡಿ ನಿಂತ ಎರಡು ದಿನದ ಭತ್ತೆಯಲ್ಲಿ ಒಂದು ದಿನದ್ದನ್ನು ಕೊಟ್ಟರು. ಇನ್ನೊಂದು ದಿನದ್ದರ ಬಗ್ಗೆ ನಾನಿನ್ನೂ ಕೇಳುತ್ತಲೇ ಇದ್ದೇನೆ. ಎರಡು ದಿನವೂ ಹುಡುಗ ಗ್ಯಾರೇಜಿನಲ್ಲೇ ಇದ್ದ, ಸುತ್ತಿಗೆಯನ್ನೂ ಹಿಡಿದಿದ್ದ.

ಇನ್ನು ಗ್ರೀಸಿನ ವಿಷಯ, ಇದನ್ನು ಓದಿ ನಿಮ್ಮ ಡ್ರೈವರಿಗೆ ಕೇಳಿಸಿ. ನಿಪ್ಪಲ್ಲನ್ನು ಮೊದಲು ಬಟ್ಟೆಯಿಂದ ಒರೆಸಬೇಕು, ಇಲ್ಲವಾದರೆ ಅದರ ಬಾಯಲ್ಲಿರುವ ಮಣ್ಣನ್ನೇ ಒಳಗೆ ತುಂಬಿದಂತೆ. ಚಕ್ರವನ್ನು ನೆಲದಿಂದ ಎತ್ತಿ ಹೊಡೆಯುವುದು ಒಳ್ಳೆಯದು. ಭಾರ ಕೂತಿರುವಾಗ ಗ್ರೀಸ್ ಥ್ರಸ್ಟ್ ಬೇರಿಂಗಿನ ಸುತ್ತ ಸರಿಯಾಗಿ ಹರಡುವುದಿಲ್ಲ. ಹೊಡೆಯುತ್ತಾ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಒಮ್ಮೊಮ್ಮೆ ತಿರುಗಿಸಬೇಕು. ಬುಷ್ಷಿನ ಅಂಚಿನಿಂದ ಹಳೆಯ ಕಪ್ಪು ಗ್ರೀಸ್ ಹೊರಗೆ ಬಂದರೆ ಮಾತ್ರ ಹೊಸದು ಒಳಗೆ ಹೋಗಿದೆ ಎಂದರ್ಥ. ಬರದಿದ್ದರೆ ನಿಪ್ಪಲ್ ಬಿಚ್ಚಿ ಹೊಸದು ಹಾಕಿಸಿ, ಇಪ್ಪತ್ತು ಮೂವತ್ತು ರೂಪಾಯಿಯ ಮಾತು. ಎಷ್ಟು ಕಿಲೋಮೀಟರಿಗೊಮ್ಮೆ ಎಂಬುದು ನಿಮ್ಮ ಗಾಡಿಯ ಪುಸ್ತಕದಲ್ಲಿರುತ್ತದೆ. ಮಳೆಗಾಲದಲ್ಲಿ ಮತ್ತು ಜೋರು ನೀರಿನ ಪೈಪಿನಲ್ಲಿ ತೊಳೆಸುವ ಅಭ್ಯಾಸ ಇದ್ದರೆ ಪುಸ್ತಕಕ್ಕಿಂತ ಮೊದಲೇ ಮಾಡಿಸಿ.

ಪಾಟಾದ ಶ್ಯಾಕಲ್ ಬುಷ್ಷಿನ ಕಿರ್‌ಕಿರ್ ಸದ್ದಿನ ಬಗ್ಗೆ ಹೈದರಾಬಾದಿನಿಂದ ಒಬ್ಬರು ಕೇಳಿದ್ದಾರೆ. ಅದು ಮುಂದಿನ ತಿಂಗಳು.